ಊರು ಬೆಳೆಯಿತೋ, ಸರಿಯಿತೋ? ಬಾಗಲಕೋಟೆಯ ಜನಸಂಖ್ಯೆಯ ಲೆಕ್ಕ

ಬಾಗಲಕೋಟೆ ನಗರದ ಜನಸಂಖ್ಯೆ 1991ರಲ್ಲಿ ಸುಮಾರು 76,900, 2001ರಲ್ಲಿ 91,000, 2011ರಲ್ಲಿ 1,11,900. ಮೂರನ್ನೂ ಒಂದೇ ಸಾಲಿನಲ್ಲಿ ಬರೆದರೆ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಮೊದಲ ದಶಕದಲ್ಲಿ ಶೇ 18, ಎರಡನೆಯದರಲ್ಲಿ ಶೇ 23. ಮಧ್ಯಮ ಗಾತ್ರದ ಊರೊಂದು ತನ್ನ ಪಾಡಿಗೆ ತಾನು ಬೆಳೆದ ಹಾಗೆ ಕಾಣುತ್ತದೆ.

ಆದರೆ ಇದೇ ಅವಧಿಯಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಹಳೇ ಊರಿನ ದೊಡ್ಡ ಪಾಲು ಘಟಪ್ರಭೆಯ ದಂಡೆ ಬಿಟ್ಟೆದ್ದು ಹೊಸದಾಗಿ ಕಟ್ಟಿದ ನವನಗರಕ್ಕೆ ಹೋಗಿ ಕೂತಿತು. ಓಣಿಗಟ್ಟಲೆ ಮನೆ ಖಾಲಿಯಾದವು, ಸೆಕ್ಟರುಗಟ್ಟಲೆ ಮನೆ ಎದ್ದವು. ಒಟ್ಟು ಅಂಕಿಯಲ್ಲಿ ಇದರ ಸುಳಿವೂ ಇಲ್ಲ, ಇರುವುದೂ ಸಾಧ್ಯವಿಲ್ಲ. ಒಂದೇ ಗಡಿಯೊಳಗೆ ಜನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿದರೆ ಕೂಡಿದ ಲೆಕ್ಕ ಅಲ್ಲಾಡುವುದಿಲ್ಲ. ಹಾಗಾಗಿ ರಾಜ್ಯದ ನಗರ-ಪಟ್ಟಣಗಳ ಜನಸಂಖ್ಯೆಯ ಏರಿಳಿತವನ್ನು ಬೆನ್ನು ಹತ್ತುವವರಿಗೆ ಬಾಗಲಕೋಟೆಗಿಂತ ಒಳ್ಳೆಯ ಪಾಠದ ಊರು ಸಿಗುವುದು ಕಷ್ಟ. ತಪ್ಪುವ ಜಾಗಗಳೆಲ್ಲ ಇಲ್ಲಿ ಒಟ್ಟಿಗೇ ಸಿಗುತ್ತವೆ.

ಮೊದಲು ಗಡಿ, ಆಮೇಲೆ ಅಂಕಿ

ಎರಡು ಖಾನೇಸುಮಾರಿಗಳ, ಅಂದರೆ ಜನಗಣತಿಗಳ, ಅಂಕಿಯನ್ನು ಹೋಲಿಸುವ ಮುಂಚೆ ಎರಡೂ ಒಂದೇ ಗೆರೆಯೊಳಗಿನ ಅಂಕಿಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಬೆಳಗಾವಿಯನ್ನು ನೋಡಿ. 2001ರಲ್ಲಿ ಮಹಾನಗರ ಪಾಲಿಕೆಯೊಳಗೆ ಸುಮಾರು 4 ಲಕ್ಷ ಜನ. ದಂಡು ಪ್ರದೇಶ ಮತ್ತು ಸುತ್ತಲಿನ ಊರುಗಳನ್ನು ಸೇರಿಸಿದ ನಗರ ಸಮೂಹದಲ್ಲಿ 5.06 ಲಕ್ಷ. 2011ರಲ್ಲಿ ಪಾಲಿಕೆಯೊಳಗೆ ಸುಮಾರು 4.9 ಲಕ್ಷ, ಸಮೂಹದಲ್ಲಿ 6.10 ಲಕ್ಷ. ಪಾಲಿಕೆಗೆ ಪಾಲಿಕೆ, ಸಮೂಹಕ್ಕೆ ಸಮೂಹ ಇಟ್ಟು ನೋಡಿದರೆ ಬೆಳವಣಿಗೆ ಶೇ 20ರಿಂದ 23ರೊಳಗೆ ನಿಲ್ಲುತ್ತದೆ. 2001ರ ಪಾಲಿಕೆಯ ಅಂಕಿಯ ಮುಂದೆ 2011ರ ಸಮೂಹದ ಅಂಕಿ ಇಟ್ಟರೆ ಶೇ 53! ಕೂಡುವುದು ಕಳೆಯುವುದರಲ್ಲಿ ಒಂದಂಕಿಯೂ ತಪ್ಪಿಲ್ಲ, ಆದರೂ ಉತ್ತರ ಪೂರ್ತಿ ತಪ್ಪು. ಭಾಷಣ, ಯೋಜನಾ ವರದಿಗಳಲ್ಲಿ 'ಭಾರಿ ನಗರೀಕರಣ' ಎಂದು ಓದಿದಾಗಲೆಲ್ಲ ಈ ಗಂಟು ಎಲ್ಲಾದರೂ ಇದೆಯೇ ಎಂದು ಮೊದಲು ತಡಕಬೇಕು.

ಬಾಗಲಕೋಟೆಯಲ್ಲಿ ಗಡಿಯ ತೊಡಕು ಬೇರೆ ಥರದ್ದು. 1991ರ ಗಣತಿ ಪುಸ್ತಕದಲ್ಲಿ ಈ ಊರನ್ನು ಬಿಜಾಪುರ ಜಿಲ್ಲೆಯ ಕೆಳಗೆ ಹುಡುಕಬೇಕು, ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ. 2001ರ ಪಟ್ಟಿಯಲ್ಲಿ ಜಿಲ್ಲೆಯ ಸಂಕೇತ ಸಂಖ್ಯೆ ರಾಜ್ಯದೊಳಗಿನ 02. 2011ಕ್ಕೆ ದೇಶವ್ಯಾಪಿ ಸಂಖ್ಯೆ ಬಂದು 556 ಆಯಿತು (ಬೆಳಗಾವಿ 555, ವಿಜಯಪುರ 557). 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಬೆಳಗಾವಿ, ವಿಜಯಪುರ ಆ ಪಟ್ಟಿಯಲ್ಲಿದ್ದವು, ಬಾಗಲಕೋಟೆ ಇರಲಿಲ್ಲ. ಆದರೂ ಕಡತಗಳಲ್ಲಿ ಅದರ ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರ (e) ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹೆಸರು ಹಿಡಿದು ಕಂಪ್ಯೂಟರಿನಲ್ಲಿ ಜೋಡಿಸಲು ಹೊರಟವರಿಗೆ ಅರ್ಧ ಸಾಲುಗಳು ಜೋಡಿಯಾಗದೆ ಉಳಿಯುವುದು ಇದಕ್ಕೇ. ಒಂದು ಪ್ರತ್ಯೇಕ ಹಾಳೆಯಲ್ಲಿ ಊರಿನ ಮೂರೂ ಕಾಲದ ಸಂಕೇತ ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಂಡು ಅವುಗಳ ಮೇಲೆಯೇ ಜೋಡಿಸಬೇಕು.

ಇನ್ನು ನಗರಸಭೆಯ ಗಡಿ. ನವನಗರವನ್ನು ಕಟ್ಟಿಸಿದ್ದು ಪಟ್ಟಣಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಬಿಟಿಡಿಎ. ಬಡಾವಣೆಯ ನಕ್ಷೆಗೆ ಒಂದು ಆದೇಶ, ನಗರಸಭೆಯ ಗಡಿಗೆ ಇನ್ನೊಂದು ಆದೇಶ, ಗಣತಿಗಾಗಿ ಗಡಿಯನ್ನು ಸ್ಥಗಿತಗೊಳಿಸುವ ದಿನಾಂಕ ಮೂರನೆಯದು. 2011ರ ಗಣತಿಗೆ 2009ರ ಡಿಸೆಂಬರ್ 31ರಂದು ಇದ್ದ ಗಡಿಯೇ ಗಡಿ. ಮರುದಿನ ಸೇರಿದ ಸರ್ವೆ ನಂಬರಿನ ಜನ ಆ ಗಣತಿಯ ಮಟ್ಟಿಗೆ ಹಳ್ಳಿಯವರೇ. ಆದ್ದರಿಂದ ಜಿಲ್ಲಾ ಗಣತಿ ಕೈಪಿಡಿಯ ಪಟ್ಟಣ ವಿವರದಲ್ಲಿ ಚದರ ಕಿಲೋಮೀಟರಿನ ಕಾಲಮು ಮೊದಲು ನೋಡಿ. ಎರಡು ಗಣತಿಗಳ ನಡುವೆ ವಿಸ್ತೀರ್ಣ ಬದಲಾಗಿದ್ದರೆ, ಹೊಸದಾಗಿ ಸೇರಿದ ಹಳ್ಳಿ ಅಥವಾ ಅದರ ತುಂಡಿನ ಹಿಂದಿನ ಜನಸಂಖ್ಯೆಯನ್ನು ಹಳೆಯ ಅಂಕಿಗೆ ಕೂಡಿಸಿ, ಆಮೇಲೆ ಶೇಕಡಾವಾರು ತೆಗೆಯಬೇಕು. ಊರೂರಿನ 1901ರಿಂದೀಚಿನ ಅಂಕಿ ಕೊಡುವ ಎ-4 ಕೋಷ್ಟಕದ ಅಡಿಟಿಪ್ಪಣಿಗಳಲ್ಲಿ ಇಂಥ ಸೇರ್ಪಡೆಗಳನ್ನು ಬರೆದಿರುತ್ತಾರೆ. ಕೋಷ್ಟಕವನ್ನಷ್ಟೇ ನಕಲು ಮಾಡಿಕೊಂಡು ಅಡಿಟಿಪ್ಪಣಿ ಬಿಡುವುದು ಎಲ್ಲರೂ ಮಾಡುವ ತಪ್ಪು.

ಊರಿನ ದರ್ಜೆ ಬದಲಾಗುವುದೂ ಬೆಳವಣಿಗೆಯ ವೇಷ ಹಾಕಿಕೊಂಡು ಬರುತ್ತದೆ. ಗಣತಿಯ ಲೆಕ್ಕದಲ್ಲಿ ಪಟ್ಟಣ ಎರಡು ಬಗೆ. ಕಾನೂನಿನಂತೆ ಪುರಸಭೆ, ಪಟ್ಟಣ ಪಂಚಾಯಿತಿ ಇರುವುದು ಒಂದು. ಕಾಗದದಲ್ಲಿ ಹಳ್ಳಿಯಾಗಿದ್ದೂ 5,000 ಜನ, ದುಡಿಯುವ ಮುಖ್ಯ ಗಂಡಾಳುಗಳಲ್ಲಿ ಶೇ 75 ಮಂದಿ ಬೇಸಾಯೇತರ ಕೆಲಸದಲ್ಲಿ, ಚದರ ಕಿಲೋಮೀಟರಿಗೆ 400 ಜನ, ಈ ಮೂರೂ ಇರುವ ಗಣತಿ ಪಟ್ಟಣ ಇನ್ನೊಂದು. ರಾಜ್ಯದ ಪಟ್ಟಣಗಳು 2001ರಲ್ಲಿ 270 ಇದ್ದವು, 2011ರಲ್ಲಿ 347 ಆದವು. ಹೆಚ್ಚಿದ್ದರಲ್ಲಿ ಬಹುಪಾಲು ಎರಡನೆಯ ಬಗೆಯವು. ಹಳ್ಳಿಯೆಂದು ಎಣಿಸುತ್ತಿದ್ದ ಊರುಗಳು ಪಟ್ಟಣ ಪಂಚಾಯಿತಿಗಳಾದಾಗ ಜಿಲ್ಲೆಯ ನಗರ ಜನಸಂಖ್ಯೆ ಏರುತ್ತದೆ, ಆದರೆ ಒಬ್ಬರೂ ಮನೆ ಬದಲಿಸಿರುವುದಿಲ್ಲ. ಬಾಗಲಕೋಟೆಯದೇ ವಿಷಯಕ್ಕೆ ಬಂದರೆ, ಅದು 2011ಕ್ಕೆ ಲಕ್ಷ ದಾಟಿ ಮೊದಲ ವರ್ಗದ ನಗರವಾಯಿತು. ಆ ಒಂದು ಗೆರೆ ದಾಟಿದ್ದರಿಂದ 'ಒಂದು ಲಕ್ಷ ಮೀರಿದ ನಗರಗಳ ಒಟ್ಟು ಜನ' ಎಂಬ ಸಾಲಿಗೆ 1.12 ಲಕ್ಷ ಒಮ್ಮೆಗೇ ಬಂದು ಬಿತ್ತು. ನಿಜಕ್ಕೂ ಹೆಚ್ಚಿದ್ದು 21 ಸಾವಿರ.

ಸರಿಯುತ್ತಿರುವ ಊರನ್ನು ಎಣಿಸುವುದು

2000ನೇ ಇಸವಿಯ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಅದೇ ವರ್ಷ ಗಣತಿಯ ಮನೆಪಟ್ಟಿ ತಯಾರಾಯಿತು. ತಲೆ ಎಣಿಸಿದ್ದು 2001ರ ಫೆಬ್ರುವರಿ 9ರಿಂದ 28. ಅಂದರೆ ಜನ ಗಂಟುಮೂಟೆ ಕಟ್ಟುವ ಕಾಲಕ್ಕೇ ಗಣತಿಯೂ ಬಂತು. ಮನೆಪಟ್ಟಿಗೂ ತಲೆ ಎಣಿಕೆಗೂ ನಡುವೆ ಕೆಲವು ತಿಂಗಳ ಅಂತರ ಇದ್ದೇ ಇರುತ್ತದೆ. ನೆಲೆ ನಿಂತ ಊರಿನಲ್ಲಿ ಆ ಅಂತರ ಲೆಕ್ಕಕ್ಕಿಲ್ಲ. ಸ್ಥಳಾಂತರವಾಗುತ್ತಿರುವ ಊರಿನಲ್ಲಿ ಹಳೇ ಓಣಿಯ ಪಟ್ಟಿಯಲ್ಲಿರುವ ಮನೆಗೆ ಫೆಬ್ರುವರಿಯಲ್ಲಿ ಬೀಗ ಬಿದ್ದಿರುತ್ತದೆ, ಹೊಸ ಸೆಕ್ಟರಿನಲ್ಲಿ ಪಟ್ಟಿಯಲ್ಲಿಲ್ಲದ ಮನೆಯಲ್ಲಿ ಒಲೆ ಹೊತ್ತಿರುತ್ತದೆ. ಮೊದಲನೆಯದನ್ನು ಬಿಡುವುದು ಸುಲಭ. ಎರಡನೆಯದನ್ನು ಹಿಡಿಯಬೇಕಾದರೆ ಗಣತಿದಾರ ತನ್ನ ಬ್ಲಾಕನ್ನು ಮತ್ತೊಮ್ಮೆ ಪೂರ್ತಿ ನಡೆದು ಪಟ್ಟಿ ತಿದ್ದಬೇಕು. ಅದು ಸೋಮಾರಿತನಕ್ಕೆ ಬಲಿಯಾದರೆ ಹೊಸ ಊರಿನ ಅಂಕಿ ಕುಸಿಯುತ್ತದೆ.

ಬ್ಲಾಕ್ ಎಂದರೆ ಒಬ್ಬ ಗಣತಿದಾರನ ಪಾಲಿನ ಜಾಗ, ಹೆಚ್ಚುಕಡಿಮೆ 650ರಿಂದ 800 ಜನ, 120-150 ಮನೆ. ಅದರೊಳಗೆ ಕಟ್ಟಡಕ್ಕೊಂದು ಸಂಖ್ಯೆ, ಕಟ್ಟಡದೊಳಗಿನ ಪ್ರತಿ ಗಣತಿ ಮನೆಗೆ, ಅಂದರೆ ತನ್ನದೇ ಬಾಗಿಲಿರುವ ಭಾಗಕ್ಕೆ, ಆವರಣದಲ್ಲಿ ಇನ್ನೊಂದು. ಹಳೇ ಬಾಗಲಕೋಟೆಯ ಕಿಲ್ಲಾದ ಕಡೆಯ ಒಂದು ವಾಡೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಬೀದಿಗೆ ಒಂದೇ ದಿಡ್ಡಿ ಬಾಗಿಲು, ಒಳಗೆ ಅಂಗಳ, ಅಂಗಳಕ್ಕೆ ತೆರೆದ ಮೂರು ಬಾಗಿಲು, ಮೂರು ಅಡುಗೆಮನೆ. ಇದು 17ನೇ ಕಟ್ಟಡ. ಒಳಗಿನವು 17(1), 17(2), 17(3), ಕುಟುಂಬ ಮೂರು. ಅದೇ ವಾಡೆಯಲ್ಲಿ ಅಂಗಳದ ಬಾಗಿಲು ಒಂದೇ ಇದ್ದು ಅಣ್ಣತಮ್ಮಂದಿರು ಒಲೆ ಮಾತ್ರ ಬೇರೆ ಮಾಡಿಕೊಂಡಿದ್ದರೆ ಗಣತಿ ಮನೆ ಒಂದೇ, ಕುಟುಂಬ ಮೂರು. ಆಮೇಲೆ ಪಕ್ಕದ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಎದ್ದರೆ ಅದು 17/1. ಆವರಣಕ್ಕೂ ಗೀಟಿಗೂ ಇರುವ ವ್ಯತ್ಯಾಸ ತಿಳಿಯದೆ ಮೇಲ್ವಿಚಾರಕರು ಕೂಡಿದರೆ ಕಟ್ಟಡದ ಲೆಕ್ಕ ಕೆಡುತ್ತದೆ.

ಈ ವಾಡೆ ಸ್ವಾಧೀನವಾಗಿ, ಪರಿಹಾರ ಬಂದು, ಹಿರಿಯಣ್ಣನ ಕುಟುಂಬ ನವನಗರದ ಪ್ಲಾಟಿನಲ್ಲಿ ಮನೆ ಕಟ್ಟಿಕೊಂಡು ಹೋಯಿತೆನ್ನಿ. ತಮ್ಮ ಅಂಗಡಿಯ ಸಲುವಾಗಿ ಹಳೇ ಮನೆಯಲ್ಲೇ ಉಳಿದ. ಮೂರನೆಯ ಭಾಗಕ್ಕೆ ಬೀಗ. ಈಗ ಆ ಬೀಗದ ಮುಂದೆ ಏನು ಬರೆಯಬೇಕು ಎಂಬುದರ ಮೇಲೆ ಇಡೀ ಊರಿನ ಲೆಕ್ಕ ನಿಂತಿದೆ. ಯಾರೂ ವಾಸವಿಲ್ಲದ, ಯಾವ ಬಳಕೆಯೂ ಇಲ್ಲದ ಮನೆ 'ಖಾಲಿ'. ವಾಸವಿದ್ದವರು ಸದ್ಯಕ್ಕೆ ಊರಲ್ಲಿಲ್ಲದಿದ್ದರೆ 'ಬೀಗ ಹಾಕಿದೆ'. ಕದದ ಮೇಲೆ ಎರಡಕ್ಕೂ ಒಂದೇ ಬೀಗ. ಅಕ್ಕಪಕ್ಕದವರನ್ನು ಕೇಳದೆ ವ್ಯತ್ಯಾಸ ಗೊತ್ತಾಗದು, ಕೇಳುವುದಕ್ಕೆ ಹೊತ್ತು ಹಿಡಿಯುತ್ತದೆ. ಖಾಲಿಯನ್ನು ಬೀಗವೆಂದು ಬರೆದರೆ ಹಳೇ ಊರು ಇನ್ನೂ ತುಂಬಿದೆ ಎನಿಸುತ್ತದೆ. ಬೀಗವನ್ನು ಖಾಲಿ ಎಂದರೆ ದುಡಿಯಲು ಹೋದವರ ಮನೆಗಳೂ ಮುಳುಗಡೆಯ ಲೆಕ್ಕಕ್ಕೆ ಹೋಗುತ್ತವೆ.

ಈ ಎರಡನೆಯದು ನಮ್ಮ ಕಡೆ ಸಣ್ಣ ವಿಷಯವಲ್ಲ. ಫೆಬ್ರುವರಿ ಎಂದರೆ ಗುಳೆಯ ಕಾಲ, ಕಬ್ಬಿನ ಹಂಗಾಮು. ಕಟ್ಟಡದ ಕೆಲಸಕ್ಕೆ ಗೋವಾ, ಮಂಗಳೂರು, ಮಹಾರಾಷ್ಟ್ರಕ್ಕೆ ಹೋದವರು, ಕಬ್ಬು ಕಡಿಯುವ ಗ್ಯಾಂಗಿನವರು ಗಣತಿಯ 20 ದಿನವೂ ಹೊರಗಿದ್ದರೆ ಅವರನ್ನು ಊರಿನ ಮನೆಯಲ್ಲಿ ಬರೆಯುವಂತಿಲ್ಲ, ಇದ್ದಲ್ಲೇ ಬರೆಯಬೇಕು. ಒಂದೆರಡು ದಿನವಾದರೂ ಆ ಅವಧಿಯಲ್ಲಿ ಮನೆಯಲ್ಲಿದ್ದರೆ ಬರೆಯಬಹುದು. ಇದಕ್ಕೆ ತದ್ವಿರುದ್ಧ ವಿದ್ಯಾಗಿರಿ, ನವನಗರದ ಹಾಸ್ಟೆಲುಗಳು. ಎಂಜಿನಿಯರಿಂಗ್, ವೈದ್ಯಕೀಯ, ತೋಟಗಾರಿಕೆ ವಿದ್ಯಾರ್ಥಿಗಳು ಫೆಬ್ರುವರಿಯಲ್ಲಿ ತುಂಬಿರುತ್ತಾರೆ. ಒಂದೇ ಮೆಸ್ಸಿನಲ್ಲಿ ಉಣ್ಣುವ, ಸಂಬಂಧವಿಲ್ಲದ ಜನರ ಗುಂಪಾದ್ದರಿಂದ ಅವರು ಸಾಂಸ್ಥಿಕ ಕುಟುಂಬ. ಬ್ಲಾಕಿನ ಅಂಕಿಯನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸುವಾಗ ಇವರನ್ನು ಮೊದಲು ಹೊರಗಿಡದಿದ್ದರೆ ಒಂದು ಮನೆಗೆ ಎಂಟೊಂಬತ್ತು ಜನ ಎಂಬ ವಿಚಿತ್ರ ಸರಾಸರಿ ಬರುತ್ತದೆ.

(ಹಳೇ ಊರಿನ ನಿಜವಾದ ಜನ ಎಷ್ಟೆಂದು ಸ್ವಂತ ಸಮೀಕ್ಷೆ ಮಾಡುವವರಿಗೆ ಒಂದು ಮಾತು: ಹೋಳಿಯ ವಾರ ಬೇಡ. ಬಣ್ಣದ ಬಂಡಿ, ಹಲಗಿಯ ಸಪ್ಪಳಕ್ಕೆ ನವನಗರವೆಲ್ಲ ಹಳೇ ಓಣಿಗೆ ಇಳಿದಿರುತ್ತದೆ.)

ವಾರ್ಡುಗಳ ಕೋಷ್ಟಕ ಹೋಲಿಸಿದರೆ ಸರಿದ ಲೆಕ್ಕ ಸಿಗುತ್ತದಲ್ಲವೇ ಎಂದು ಕೇಳಬಹುದು. ನೇರವಾಗಿ ಸಿಗುವುದಿಲ್ಲ. ಎರಡು ಗಣತಿಗಳ ನಡುವೆ ವಾರ್ಡುಗಳ ಮರುವಿಂಗಡಣೆ ಆಗುತ್ತದೆ. ಹಳೆಯ 9ನೇ ವಾರ್ಡೂ ಹೊಸ 9ನೇ ವಾರ್ಡೂ ಒಂದೇ ಅಲ್ಲ. ಹಳೇ ವಾರ್ಡಿನ ಬ್ಲಾಕುಗಳನ್ನು ಹೊಸ ನಕ್ಷೆಯ ಮೇಲೆ ಒಂದೊಂದಾಗಿ ಕೂರಿಸಿ ಕೂಡುತ್ತ ಬರಬೇಕು. ಬ್ಲಾಕು ಅರ್ಧಕ್ಕೆ ತುಂಡಾದರೆ ಮನೆಗಳ ಸಂಖ್ಯೆಯ ಪ್ರಕಾರ ಹಂಚಬೇಕು, ವಿಸ್ತೀರ್ಣದ ಪ್ರಕಾರ ಅಲ್ಲ. ವಿಸ್ತೀರ್ಣದ ಹಂಚಿಕೆ ಒತ್ತೊತ್ತಾದ ಪೇಟೆಯಲ್ಲಿ ಹೇಗೋ ನಡೆದೀತು, ಅರ್ಧ ಪ್ಲಾಟು ಖಾಲಿ ಬಿದ್ದ ಸೆಕ್ಟರಿನಲ್ಲಿ ಬಯಲಿಗೆ ಜನ ಹಂಚಿದ ಹಾಗಾಗುತ್ತದೆ.

ಶೇ 23ರೊಳಗೆ ಏನಿದೆ

2001-11ರಲ್ಲಿ ರಾಜ್ಯದ ಬೆಳವಣಿಗೆ ಶೇ 15.6, ಬಾಗಲಕೋಟೆ ಜಿಲ್ಲೆಯದು ಶೇ 14.4. ನಗರವೂ ಜಿಲ್ಲೆಯ ದರದಲ್ಲೇ ಬೆಳೆದಿದ್ದರೆ 91 ಸಾವಿರ 1.04 ಲಕ್ಷಕ್ಕೆ ನಿಲ್ಲಬೇಕಿತ್ತು. ಉಳಿದ ಏಳೆಂಟು ಸಾವಿರ ಹೆಚ್ಚುವರಿ. ಅದನ್ನು ಪೂರ್ತಿ 'ವಲಸೆ ಬಂದವರು' ಎಂದು ಬರೆದುಬಿಡುವುದು ಆತುರ. ಜಿಲ್ಲೆಯ ದರದಲ್ಲೇ ಹೊರಹೋದವರ ಕಳೆತ ಸೇರಿದೆ, ಹಾಗಾಗಿ ಅಳತೆಗೋಲೇ ಸ್ವಲ್ಪ ಗಿಡ್ಡ. ಆದರೂ ದಿಕ್ಕು ಸ್ಪಷ್ಟ. 1997ರ ನಂತರ ಬಂದ ಜಿಲ್ಲಾ ಕಚೇರಿಗಳು, ವೈದ್ಯಕೀಯ ಕಾಲೇಜು, 2008ರ ತೋಟಗಾರಿಕೆ ವಿಶ್ವವಿದ್ಯಾಲಯ, ಇವೆಲ್ಲ ಬಾಡಿಗೆ ಮನೆ ಹುಡುಕುವ ಜನರನ್ನು ತಂದವು. ಮುಳುಗಡೆ ಜನರನ್ನು ಸರಿಸಿತು, ಜಿಲ್ಲಾ ಕೇಂದ್ರ ಜನರನ್ನು ತಂದಿತು. ಎರಡೂ ನವನಗರದಲ್ಲೇ ಬಂದು ಸೇರಿದ್ದರಿಂದ ಅಲ್ಲಿ ಎದ್ದ ಪ್ರತಿ ಮನೆಯನ್ನೂ ಬೆಳವಣಿಗೆ ಎಂದು ಓದುವ ಅಭ್ಯಾಸ ಬಿದ್ದಿದೆ. ಮುಳುಗಡೆ ಸಂತ್ರಸ್ತರ ಮನೆ ಊರಿಗೆ ಹೊಸ ಕಟ್ಟಡ, ಹಳೇ ಜನ.

ಗಣತಿ ಇಲ್ಲದ ವರ್ಷಗಳು

2011ರ ನಂತರದ ಗಣತಿಯ ಗಣನಾ ದಿನ 2027ರ ಮಾರ್ಚ್ 1. ಹದಿನಾರು ವರ್ಷದ ಕಂದರ. ನಡುವೆ ನೀರಿನ ಯೋಜನೆ, ವಾರ್ಡ್ ಹಂಚಿಕೆ, ಅನುದಾನ, ಎಲ್ಲದಕ್ಕೂ ಯಾವುದಾದರೊಂದು ಅಂಕಿ ಬೇಕು. ರಾಷ್ಟ್ರೀಯ ಜನಸಂಖ್ಯಾ ಆಯೋಗದ ತಾಂತ್ರಿಕ ಗುಂಪಿನ ಮುನ್ನಂದಾಜು ರಾಜ್ಯದ ನಗರ ಪಾಲನ್ನು ಕೊಡುತ್ತದೆ, ಊರೂರಿನದನ್ನು ಕೊಡುವುದಿಲ್ಲ. ಆದ್ದರಿಂದ ಕಚೇರಿಗಳಲ್ಲಿ ಹಿಂದಿನ ದರವನ್ನೇ ಮುಂದಕ್ಕೆ ಎಳೆಯುತ್ತಾರೆ. ಬಾಗಲಕೋಟೆಯ 2001-11ರ ವಾರ್ಷಿಕ ದರ ಶೇ 2.1, ಅದನ್ನೇ ಎಳೆದರೆ 2027ಕ್ಕೆ 1.56 ಲಕ್ಷ. 1991-2001ರ ಶೇ 1.7 ಹಿಡಿದರೆ 1.47 ಲಕ್ಷ. ಹೆರಿಗೆಗಳು ಕಡಿಮೆಯಾಗಿರುವುದನ್ನು ಗಮನಿಸಿ ಶೇ 1.3 ಹಿಡಿದರೆ 1.38 ಲಕ್ಷ. ಮೂರೂ ಬರೀ ಗುಣಾಕಾರ. ನಡುವಿನ 18 ಸಾವಿರದ ಅಂತರವನ್ನು ಮುಚ್ಚಿಟ್ಟು ಒಂದೇ ಅಂಕಿ ಬರೆಯುವ ವರದಿಯನ್ನು ನಂಬಬೇಡಿ. 2.1ರೊಳಗೆ ಜಿಲ್ಲಾ ಕೇಂದ್ರವಾದ ಒಂದು ಸಲದ ನೆಗೆತ ಸೇರಿದೆ. ಅದು ಪ್ರತಿ ದಶಕ ಮರುಕಳಿಸುವಂಥದ್ದಲ್ಲ.

ಅಂದಾಜನ್ನು ನೆಲಕ್ಕೆ ತಾಗಿಸಲು ಇತರ ದಾಖಲೆ ಬೇಕು. ಒಂದೊಂದಕ್ಕೂ ಒಂದೊಂದು ಐಬು. ಹೆಸ್ಕಾಂನ ವಿದ್ಯುತ್ ಮೀಟರು ಎಲ್ಲಕ್ಕಿಂತ ಉಪಯುಕ್ತ, ಆದರೆ ಆರ್‌ಆರ್ ನಂಬರುಗಳನ್ನು (ಪ್ರತಿ ಸಂಪರ್ಕದ ಸಂಖ್ಯೆ) ಸುಮ್ಮನೆ ಎಣಿಸಬಾರದು. ಹಳೇ ಮನೆಯ ಸಂಪರ್ಕ ಬಿಡದೆ ಹೊಸದನ್ನು ಪಡೆದ ಕುಟುಂಬ ಎರಡು ಸಲ ಬರುತ್ತದೆ. ಸತತ ಮೂರು ತಿಂಗಳು ಬಳಕೆ ಸೊನ್ನೆ ಅಥವಾ ಸೊನ್ನೆಗೆ ಹತ್ತಿರ ಇರುವ ಮೀಟರುಗಳನ್ನು ತೆಗೆದು ಎಣಿಸಬೇಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಒಂದೇ ಮನೆಯ ಎರಡು ಮಹಡಿಗೆ ಬೇರೆ ಮೀಟರು ಹಾಕಿಸುವುದರಲ್ಲಿ ಲಾಭವಿದೆ, ಆ ವರ್ಷದ ಏರಿಕೆಯನ್ನು ಕುಟುಂಬಗಳ ಏರಿಕೆ ಎಂದು ಓದಬಾರದು. ಗೃಹಲಕ್ಷ್ಮಿಯಿಂದ ಪಡಿತರ ಚೀಟಿ ಒಡೆಯುವ ಒತ್ತಡಕ್ಕೂ ಇದೇ ಮಾತು. ಮತದಾರರ ಪಟ್ಟಿಯಲ್ಲಿ 18 ದಾಟಿದವರು ಮಾತ್ರ ಇರುತ್ತಾರೆ. ಜೊತೆಗೆ ನವನಗರಕ್ಕೆ ಹೋದವರು ಓಟನ್ನು ಹಳೇ ಬೂತಿನಲ್ಲೇ ಉಳಿಸಿಕೊಂಡರೆ ಖಾಲಿ ಓಣಿಯೂ ತುಂಬಿದಂತೆ ಕಾಣುತ್ತದೆ.

ಜನನ ನೋಂದಣಿ ಹೆರಿಗೆ ಆದ ಜಾಗದಲ್ಲಿ ಆಗುತ್ತದೆ. ಜಿಲ್ಲೆಯ ಹಳ್ಳಿಗಳಿಂದ ನವನಗರದ ಆಸ್ಪತ್ರೆಗಳಿಗೆ ಬರುವ ಹೆರಿಗೆಗಳೆಲ್ಲ ನಗರದ ಲೆಕ್ಕಕ್ಕೇ, ತಾಯಿಯ ಖಾಯಂ ವಿಳಾಸದ ಕಾಲಮು ನೋಡದೆ ಇದನ್ನು ಬಳಸುವುದು ವ್ಯರ್ಥ. ಶಾಲಾ ದಾಖಲಾತಿಗೂ ಹಳ್ಳಿಯ ಬಸ್ಸುಗಳ ಕಾಟ ಇದೆ. ಉಪಗ್ರಹದ ಚಿತ್ರವಂತೂ ಇಲ್ಲಿ ಚೆನ್ನಾಗಿ ಮೋಸ ಮಾಡುತ್ತದೆ. ನವನಗರದಲ್ಲಿ ಕಟ್ಟಡ ಹೆಚ್ಚುತ್ತವೆ, ಕೆಡವುವವರೆಗೆ ಹಳೇ ಊರಿನಲ್ಲಿ ಕಡಿಮೆಯಾಗುವುದಿಲ್ಲ. ಉಪಗ್ರಹಕ್ಕೆ ಬೀಗ ಕಾಣುವುದಿಲ್ಲ.

ಮೀಟರು ಎಣಿಸಿದ ಮೇಲೂ ಮನೆಗೆ ಎಷ್ಟು ಜನ ಎಂಬ ಗುಣಕ ಬೇಕು. ಲೆಕ್ಕಕ್ಕೆ 30,000 ಮನೆ ಹಿಡಿಯಿರಿ. ಮನೆಗೆ 4.8 ಎಂದರೆ 1.44 ಲಕ್ಷ, 4.2 ಎಂದರೆ 1.26 ಲಕ್ಷ. ಹಳೇ ಊರಿನ ಕೂಡು ಕುಟುಂಬಕ್ಕೂ ನವನಗರದ 30×40 ಪ್ಲಾಟಿನ ಮೇಲ್ಮಹಡಿಯ ಬಾಡಿಗೆದಾರರಿಗೂ ಒಂದೇ ಗುಣಕ ಹಾಕುವುದೇ ದೊಡ್ಡ ತಪ್ಪು. ಹಳೇ ಊರು, ವಿದ್ಯಾಗಿರಿ, ನವನಗರ, ಮೂರಕ್ಕೂ ಒಂದೊಂದು ನೂರು ಮನೆಗಳ ಚಿಕ್ಕ ಸಮೀಕ್ಷೆ ಮಾಡಿ ಬೇರೆ ಬೇರೆ ಗುಣಕ ತೆಗೆದರೆ ಒಂದು ವಾರದ ಕೆಲಸ. ಅಷ್ಟು ಮಾಡುವವರು ವಿರಳ.

ಕೃಷ್ಣಾ ಎರಡನೇ ನ್ಯಾಯಮಂಡಳಿ ಆಲಮಟ್ಟಿಗೆ 524.256 ಮೀಟರ್ ಒಪ್ಪಿದೆ. ಅದು ಜಾರಿಗೆ ಬಂದಂತೆ ಹಳೇ ಊರಿನ ಇನ್ನಷ್ಟು ಮನೆಗಳು ಏಳಬೇಕು, ಅಂದರೆ 2001ರ ತೊಡಕೇ ಮರಳಿ ಬರಬಹುದು. ಗಡಿ 2025ರ ಡಿಸೆಂಬರ್ 31ಕ್ಕೆ ಸ್ಥಗಿತ, ಮನೆಪಟ್ಟಿ 2026ರ ಏಪ್ರಿಲ್-ಸೆಪ್ಟೆಂಬರ್ ನಡುವೆ, ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ. ಈ ಸಲ ಮೊಬೈಲಿನಲ್ಲಿ ತುಂಬುತ್ತಾರೆ, ಬೀಗದ ಪ್ರಶ್ನೆ ಮಾತ್ರ ಹಾಗೇ ಇದೆ. ಉಪಾಯ ಒಂದೇ, ಅದೂ ಸಣ್ಣದು: ಹಳೇ ಊರಿನ ಪ್ರತಿ ಸಿಟಿಎಸ್ ನಂಬರಿನ (ನಗರ ಸರ್ವೆಯ ಆಸ್ತಿ ಸಂಖ್ಯೆ) ಮುಂದೆ ಆ ಕುಟುಂಬಕ್ಕೆ ಸಿಕ್ಕ ಸೆಕ್ಟರು ಮತ್ತು ಪ್ಲಾಟು ಸಂಖ್ಯೆ, ಹಳೇ ಮೀಟರಿನ ಕೊನೆಯ ಮೂರು ತಿಂಗಳ ಬಳಕೆ, ಇಷ್ಟನ್ನು ಬರೆದಿಟ್ಟ ಒಂದು ರಿಜಿಸ್ಟರು. ಉತಾರದ (ಆಸ್ತಿ ದಾಖಲೆ) ಮೇಲೆ ಎರಡೂ ಆಸ್ತಿ ಒಬ್ಬರದೇ ಹೆಸರಿನಲ್ಲಿದ್ದು ಹಳೇ ಮೀಟರು ಸೊನ್ನೆ ಇದ್ದರೆ ಮನೆ ಖಾಲಿ. ಮೀಟರು ತಿರುಗುತ್ತಿದ್ದರೆ ಒಳಗೆ ಯಾರೋ ಇದ್ದಾರೆ, ಕದ ತಟ್ಟಬೇಕು.